ಎತ್ತಿದ ಕೈ

ನಮ್ಮ ಮಾವನವರು ಹರೆಯವನ್ನೆಲ್ಲ ಬಸ್ಸಿನಲ್ಲೇ ಕಳೆದ ಕಂಡಕ್ಟರು. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ಒಮ್ಮೆಯೂ ಬಸ್ಸು ಹತ್ತಿದ್ದನ್ನು ಕಾಣಲಿಲ್ಲ. ಬೀಗರೂರಿಗೆ ಹೊರಟರೆ ರೈಲು. ರೈಲಿಲ್ಲದ ಊರಾದರೆ ಯಾರದಾದರೂ ಕಾರು. ಅದೂ ಸಿಗದಿದ್ದರೆ ಮೊಣಕಾಲು ಹಿಡಿದಿದೆ, ಹಲ್ಲು ನೋಯುತ್ತಿದೆ, ಮೈಯಲ್ಲಿ ಆರಾಮಿಲ್ಲ. ನೆಪ ಹೇಳುವುದರಲ್ಲಿ ಮಾವನವರು ಎತ್ತಿದ ಕೈ ಎಂದು ಹೊಸದರಲ್ಲಿ ನಾನು ಬೆನ್ನ ಹಿಂದೆ ನಕ್ಕದ್ದುಂಟು. ಆಗ ನನಗೆ ಏನೂ ಗೊತ್ತಿರಲಿಲ್ಲ.

ಅವರ ಹೆಸರು ಗೂಳಪ್ಪ ಹಾದಿಮನಿ. ಗದಗಿನ ನಮ್ಮ ಓಣಿಯಲ್ಲಿ ಇಂದಿಗೂ 'ಕಂಡಕ್ಟರ್ ಗೂಳಪ್ಪ' ಎಂದರೆ ಮನೆ ತೋರಿಸುತ್ತಾರೆ. ಬಸ್ಸುಗಳಿಂದ ಕಂಡಕ್ಟರುಗಳು ಮಾಯವಾಗಿ ಎಷ್ಟೋ ಕಾಲವಾಯಿತು. ಈಗಿನ ಬಸ್ಸಿನ ಬಾಗಿಲೇ ಮುಖ ನೋಡಿ ಚಾರ್ಜು ಮುರಿದುಕೊಳ್ಳುತ್ತದೆ, ಇಳಿಯುವ ಊರು ಬಂದರೆ ಕೂತ ಸೀಟೇ ಎಬ್ಬಿಸುತ್ತದೆ. ಚಿಲ್ಲರೆಗೆ ಜಗಳವಿಲ್ಲ, 'ಮುಂದ ಸರೀರಿ' ಎಂಬ ಕೂಗಿಲ್ಲ. ಎಲ್ಲ ನುಣ್ಣಗೆ, ಸದ್ದಿಲ್ಲದೆ ನಡೆಯುತ್ತದೆ. ನನಗಂತೂ ಆ ಬಸ್ಸಿನಲ್ಲಿ ಕೂತರೆ ಆಸ್ಪತ್ರೆಗೆ ಬಂದ ಹಾಗೆ ಅನಿಸುತ್ತದೆ.

ಮಾವನವರು ಮಲಗುತ್ತಿದ್ದದ್ದು ಹಗಲಿನಲ್ಲಿ. ಕತ್ತಲಲ್ಲಿ ಕಣ್ಣು ಮುಚ್ಚಿದರೆ ಕನಸಿನಲ್ಲಿ ನೀರು ಬರುತ್ತದೆ ಎಂದು ರಾತ್ರಿಯೆಲ್ಲ ಪಡಸಾಲೆಯಲ್ಲಿ ಕೂತಿದ್ದು, ಅಂಗಳದಲ್ಲಿ ಬಿಸಿಲು ಬಿದ್ದ ಮೇಲೆ ಹಾಸಿಗೆಗೆ ಹೋಗುತ್ತಿದ್ದರು. ನೀರಿಗೆ ಹಗಲೇನು, ರಾತ್ರಿಯೇನು? ನಾನೂ ಅತ್ತೆಯೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ಒಳಕೋಣೆಯಿಂದ ಒಂದು ಸದ್ದು ಬರುತ್ತಿತ್ತು. ಅದು ಚೀರಾಟವಲ್ಲ. ಚೀರಬೇಕೆಂದವರ ಗಂಟಲು ಕಟ್ಟಿದರೆ ಬರುವ ಸದ್ದು. ಅತ್ತೆ ಗುರುಸಿದ್ದವ್ವ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದರು.

ಅದರ ಹಿಂದಿನ ಕಥೆಯನ್ನು ನನ್ನ ಗಂಡ ಫಕೀರೇಶ ಹೇಳಿದ್ದು ಸ್ವಲ್ಪವೇ. ಈಗ ಮುಚ್ಚಿಹೋಗಿರುವ ಒಂದು ಖಾಸಗಿ ಕಂಪನಿಯ ಬಸ್ಸು. ಮಳೆಗಾಲದ ಒಂದು ಮುಸ್ಸಂಜೆ ಕೊನೆಯ ಟ್ರಿಪ್ಪು. ದಾರಿಯ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಡ್ರೈವರ್ ದಾವಲಸಾಬ ನದಾಫ ದಂಡೆಯಲ್ಲಿ ಬಸ್ಸು ನಿಲ್ಲಿಸಿ ಕನ್ನಡಿಯಲ್ಲಿ ಹಿಂದೆ ನೋಡಿದ. ಮುಂದೆ ಹೋದ ಲಾರಿಯೊಂದು ಸುರಕ್ಷಿತವಾಗಿ ದಾಟಿತ್ತು, ಜನರಿಗೆ ಮನೆ ಮುಟ್ಟುವ ಅವಸರ. ಮಾವನವರು ಹೋಗೋಣ ಎಂದು ಸನ್ನೆ ಕೊಟ್ಟರು. ನಟ್ಟನಡುವೆ ನೀರು ಏರಿ ಬಸ್ಸು ಮಗ್ಗುಲಾಗಿ ಜಾರಿತು. ಬಹಳ ಮಂದಿ ಉಳಿದರು, ಕೆಲವರು ಉಳಿಯಲಿಲ್ಲ. ಉಳಿಯದವರಲ್ಲಿ ಒಬ್ಬಳು ಶಾಲೆಯ ಹುಡುಗಿ. ಆಕೆಯ ಕೈ ಮಾವನವರ ಎಡಗೈಯಲ್ಲಿತ್ತು, ಜಾರಿತು. ಕೋರ್ಟು ಇಬ್ಬರನ್ನೂ ಬಿಟ್ಟಿತು. ಮಾವನವರು ಮಾತ್ರ ತಮ್ಮನ್ನು ಬಿಡಲಿಲ್ಲ.

ಆ ಕನಸನ್ನು ಅವರು ಬಿಡಿಸಿ ಹೇಳಿದ್ದು ಒಂದೇ ಸಲ, ಅದೂ ನಾನು ಬೆನ್ನು ಹತ್ತಿ ಕೇಳಿದ ಮೇಲೆ.

"ಎಡಗೈಯಾಗ ಆಕಿ ಕೈ ಇರ್ತೈತಿ ದಾಕ್ಷಾ. ಬಲಗೈ ಕೊಟ್ಟು ಗಟ್ಟಿ ಹಿಡೀಬೇಕಂದ್ರ ಅದು ಕೆಳಗ ಇಳೀವಲ್ದು. ಮ್ಯಾಲಿಂದ ಯಾರೋ ಹಿಡಕೊಂಡಿರ್ತಾರ."

"ಯಾರ್ರೀ ಮಾವಾರ?"

"ಮುಖಾ ಕಾಣೂದಿಲ್ಲವ್ವಾ."

ಆಮೇಲೆ ನಮ್ಮ ಶ್ರಾವಣಿ ಹುಟ್ಟಿದಳು. ಮಾವನವರು ಆಕೆಯನ್ನು ದೂರದಿಂದ ನೋಡುತ್ತಿದ್ದರು, ಮಾತಾಡಿಸುತ್ತಿದ್ದರು, ಮುಟ್ಟುತ್ತಿರಲಿಲ್ಲ. ಅವಳೋ ಹಟಮಾರಿ. ಅಂಬೆಗಾಲು ಬಂದದ್ದೇ ತಡ, ಮನೆಯಲ್ಲಿ ಇಷ್ಟು ಜನ ಕೈ ಚಾಚಿ ಕರೆಯುತ್ತಿದ್ದರೂ ಕೈ ಕಟ್ಟಿಕೊಂಡು ಕೂತ ಅಜ್ಜನ ಕಡೆಗೇ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಸದ್ದಿಲ್ಲದೆ ಹೋಗಿ ಅವರ ಬೆರಳು ಹಿಡಿದಳು. ಆಗ ಕನಸು ನಡೆದಿತ್ತು. ಕೂಸಿನ ಕಿರುಚಾಟ ಕೇಳಿ ನಾನು ಓಡಿಹೋದರೆ, ಅವರ ಎಡಗೈ ಆಕೆಯ ಮುಂಗೈಯನ್ನು ಹಿಡಿದುಬಿಟ್ಟಿತ್ತು. ಬಿಡಿಸಲು ನಾವಿಬ್ಬರು ಹೆಂಗಸರು ಜಗ್ಗಾಡಬೇಕಾಯಿತು. ಎಲುಬಿಗೆ ಏನೂ ಆಗಲಿಲ್ಲ, ಆದರೆ ಕೆಂಪು ಬರೆ ಎದ್ದಿತ್ತು. ಮಾವನವರು ಎಚ್ಚರಾಗಿ ಆ ಬರೆಯನ್ನು ನೋಡಿದರು.

ಅಂದು ಸಂಜೆಯೇ ಹೇಳಿದರು, "ನಾ ಶಿರಹಟ್ಟಿಗೆ ನಮ್ಮ ಅಕ್ಕನ ಮನಿಗೆ ಹೋಗಿ ಇರ್ತೇನಿ. ಕೂಸು ನಡಿಯಾಕ ಕಲಿಯೂದ್ರೊಳಗ ಹೋಗಬೇಕು. ಆಮ್ಯಾಲ ಅದು ಎಲ್ಲಿ ಬಂದು ಕೈ ಹಿಡೀತೈತೋ ಯಾರಿಗ್ಗೊತ್ತು."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಫಕೀರೇಶ ತಲೆ ತಗ್ಗಿಸಿದ. ನನಗೆ ಮಾತ್ರ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಹೋಗ್ರಿ. ಆದ್ರ ಹೋಗೂಕಿಂತ ಮೊದಲ ಒಂದ್ಸಲ ನನ್ನ ಮಾತು ಕೇಳ್ರಿ. ಹುಬ್ಬಳ್ಳ್ಯಾಗ ನಿದ್ದಿ ಕೇಂದ್ರ ಆಗೇತಿ. ಅಲ್ಲಿ ತೋರಸೂಣು. ಗುಣ ಆಗಲಿಲ್ಲಂದ್ರ ನಾನ ನಿಮ್ಮ ಚೀಲ ತುಂಬಿ ಕೊಡ್ತೇನಿ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಾವನವರಿಗೆ ನನ್ನ ಓದಿನ ಬಗ್ಗೆ ಗೌರವ, ನನ್ನ ಬಾಯಿಯ ಬಗ್ಗೆ ಭಯ. ಎರಡೂ ಸೇರಿ ಕೆಲಸ ಮಾಡಿದವು. ರಜೆ ಹಾಕಿ, ಕೂಸನ್ನು ಅತ್ತೆಯ ಮಡಿಲಿಗೆ ಬಿಟ್ಟು, ಬೆಳಗಿನ ರೈಲಿಗೆ ಅವರನ್ನು ಕರೆದುಕೊಂಡು ಹೊರಟೆ.

ಹುಬ್ಬಳ್ಳಿಯ ಆ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಾಸಂತಿ ಕಿಣಿ, ಉಡುಪಿ ಕಡೆಯವರು. ದಪ್ಪ ಕನ್ನಡಕ, ದೊಡ್ಡ ನಗು. ಅವರು ಮೇಜಿನ ಮೇಲೆ ಒಂದು ಟೊಪ್ಪಿಗೆ ಇಟ್ಟರು. ಹತ್ತಿಬಟ್ಟೆಯದು, ಒಳಗೆಲ್ಲ ಬೆಳ್ಳಿಯ ಎಳೆ, ಕಿವಿಯ ಹತ್ತಿರ ಎರಡು ಪುಟ್ಟ ಗುಂಡಿ. ಚಳಿಗಾಲಕ್ಕೆ ಅಜ್ಜಿಯರು ಹಾಕುವ ಕುಲಾಯಿಯಂತಿತ್ತು.

"ನಿದ್ದೆ ಬಂದಾಗ ಕಿವಿ ಪೂರ್ತಿ ಮುಚ್ಚಿರುವುದಿಲ್ಲ ಅಜ್ಜರೇ," ಎಂದು ಅವರು ಶುರುಮಾಡಿದರು. "ಬೆಳಿಗ್ಗೆ ಅಲಾರಾಂ ಹೊಡೆದರೆ ಕನಸಿನಲ್ಲಿ ಶಾಲೆಯ ಗಂಟೆ ಹೊಡೆದ ಹಾಗೆ ಆಗುವುದುಂಟಲ್ಲ? ಹೊರಗಿನ ಸದ್ದನ್ನು ಕನಸು ತನ್ನ ಕಥೆಯೊಳಗೆ ಸೇರಿಸಿಕೊಳ್ಳುತ್ತದೆ. ನಾವು ಹಿಡಿದದ್ದು ಅದೇ ಬಾಗಿಲು."

ಮುಂದಿನದನ್ನು ನಾನು ಮಕ್ಕಳಿಗೆ ಪಾಠ ಹೇಳುವಂತೆ ಹೇಳುತ್ತೇನೆ. ದುಃಸ್ವಪ್ನ ಬಿದ್ದಾಗ ಮೆದುಳಿನ ಅಲೆಗಳು ಒಂದು ವಿಶೇಷ ರೀತಿಯಲ್ಲಿ ಏರುತ್ತವೆ. ಟೊಪ್ಪಿಗೆ ಆ ಏರಿಕೆಯನ್ನು ಮೊದಲೇ ಗುರುತಿಸುತ್ತದೆ. ಎಚ್ಚರವಿರುವಾಗ ರೋಗಿ ತನ್ನ ಕನಸಿಗೆ ಒಂದು ಹೊಸ ಕೊನೆಯನ್ನು ಕಟ್ಟಿಕೊಂಡು ದಿನವೂ ಮನಸ್ಸಿನಲ್ಲಿ ನಡೆಸಬೇಕು, ಹಾಗೆ ನಡೆಸುವಾಗಲೆಲ್ಲ ಒಂದೇ ಸದ್ದನ್ನು ಕೇಳಬೇಕು. ಆಮೇಲೆ ನಿದ್ದೆಯಲ್ಲಿ ಅಂಜಿಕೆ ಏರುವ ಗಳಿಗೆಗೆ ಸರಿಯಾಗಿ ಟೊಪ್ಪಿಗೆ ಅದೇ ಸದ್ದನ್ನು ಕಿವಿಯಲ್ಲಿ ಮೆಲ್ಲಗೆ ಮಾಡುತ್ತದೆ. ಮೆದುಳಿಗೆ ಹೊಸ ಕೊನೆ ನೆನಪಾಗುತ್ತದೆ, ಕನಸು ಹಳೆಯ ದಾರಿ ಬಿಟ್ಟು ಆ ಕಡೆ ತಿರುಗುತ್ತದೆ. ನೂರಾರು ಜನರ ಮೇಲೆ ಪರೀಕ್ಷಿಸಿ ಅವರು ಆರಿಸಿಕೊಂಡಿದ್ದ ಸದ್ದು ಎರಡು ಮೆಲುವಾದ ಗಂಟೆ, ಒಂದರ ಬೆನ್ನಿಗೆ ಒಂದು. ಟಿಣ್ ಟಿಣ್.

ಮಾವನವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಇದನ್ನ ಹಾಕ್ಕೊಂಡ್ರ ಆ ಹುಡುಗಿ ಮರತು ಹೊಕ್ಕಾಳೇನ್ರಿ ಡಾಕ್ಟ್ರ?"

"ಇಲ್ಲ. ಇದು ನೆನಪು ಅಳಿಸುವ ಯಂತ್ರ ಅಲ್ಲ."

"ಹಂಗಾದ್ರ ಹಾಕ್ರಿ," ಎಂದು ತಲೆ ಬಾಗಿಸಿದರು. ಮರೆಯಬೇಕೆಂದು ಬಂದ ಮನುಷ್ಯನಲ್ಲ ಇವರು ಎಂದು ಅಂದೇ ತಿಳಿಯಿತು.

ಡಾಕ್ಟರು ಕಟ್ಟಿಕೊಟ್ಟ ಹೊಸ ಕೊನೆ ಸರಳವಾಗಿತ್ತು: ಗಂಟೆ ಕೇಳಿದೊಡನೆ ಮಾವನವರು ಬಸ್ಸಿನಿಂದ ಇಳಿದು ದಂಡೆಯ ಮೇಲೆ ಹೋಗಿ ನಿಲ್ಲಬೇಕು. ಮಾವನವರು ಕಣ್ಣು ಮುಚ್ಚಿ ವಿಧೇಯವಾಗಿ ಅಭ್ಯಾಸ ಮಾಡಿದರು. "ದೇವರ ಮನಿ ಗಂಟಿ ಇದ್ದಂಗ ಐತ್ರಿ, ಚಲೋ ಐತಿ," ಎಂದರು.

ಕೇಂದ್ರದ ನಿಯಮದಂತೆ ಮನೆಯವರೊಬ್ಬರು ನಿಯಂತ್ರಣ ಕೋಣೆಯಲ್ಲಿ ಕೂರಬೇಕು. ಗಾಜಿನಾಚೆ ಮಾವನವರ ಹಾಸಿಗೆ, ಈಚೆ ನಮ್ಮೆದುರು ಪರದೆ, ಪರದೆಯ ಮೇಲೆ ಹಸಿರು ಗೆರೆ. ಹೊರಗೆ ಬೆಳಗಿನ ಬಿಸಿಲು, ಇಡ್ಲಿ ಅಂಗಡಿಯ ಗದ್ದಲ. ಮಾವನವರು ಮಲಗಿದರು. ಬಹಳ ಹೊತ್ತಿನ ಮೇಲೆ ಗೆರೆ ಅಲುಗಿತು, ಏರತೊಡಗಿತು. ಟೊಪ್ಪಿಗೆ ಟಿಣ್ ಟಿಣ್ ಎಂದಿತು.

ಗೆರೆ ಇಳಿಯಬೇಕಿತ್ತು. ಪುಟಿದು ಪರದೆಯ ತುದಿ ಮುಟ್ಟಿತು. ಗಾಜಿನಾಚೆ ಮಾವನವರ ಬಲಗೈ ಮೆಲ್ಲಗೆ ತಲೆಯ ಮೇಲಕ್ಕೆ ಎದ್ದು ಎರಡು ಸಲ ಜಗ್ಗಿತು. ಆಮೇಲೆ ನಮ್ಮ ಮನೆಯ ಆ ಪರಿಚಿತ ಸದ್ದು.

"ಸ್ನಾಯು ಸೆಳೆತ ಇರಬೇಕು," ಎಂದರು ಡಾಕ್ಟರು. ಮರುದಿನ ಸದ್ದನ್ನು ಇನ್ನಷ್ಟು ಸ್ಪಷ್ಟ ಮಾಡಿದರು. ಇನ್ನೂ ಕೆಟ್ಟಿತು. ಅದರ ಮುಂದಿನ ಸಲ ಮಾವನವರು ಹಾಸಿಗೆಯಿಂದ ಕೆಳಗೇ ಬಿದ್ದರು.

ಮನೆಗೆ ಮರಳುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು, "ಮೊದಲ ಬಸ್ಸು ದಂಡಿ ಮ್ಯಾಲ ಒಂದ್ ಗಳಿಗಿ ನಿಂದರತಿತ್ತು ದಾಕ್ಷಾ. ಅಷ್ಟರ ಪುರಸೊತ್ತು ಇತ್ತು. ಈಗ ಅದೂ ಇಲ್ಲ. ಸೀದಾ ನೀರಿಗೇ ಹೋಗ್ತೈತಿ. ಚೀಲ ತುಂಬವ್ವಾ."

ನಾನು ಸೋತಿದ್ದೆ. ಮಾತಿಗೆ ತಪ್ಪುವಂತಿರಲಿಲ್ಲ. ಎರಡು ಧೋತರ, ಮೂರು ಅಂಗಿ, ಅವರ ಔಷಧದ ಡಬ್ಬಿ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟೆ. ಶ್ರಾವಣಿ ಗೋಡೆ ಹಿಡಿದು ಎದ್ದು ನಿಲ್ಲಲು ಕಲಿತಿದ್ದಳು. ಬೇರೆ ತಾಯಂದಿರು ಇದಕ್ಕೆ ಸಕ್ಕರೆ ಹಂಚುತ್ತಾರೆ. ನಾನು ಮನಸ್ಸಿನಲ್ಲೇ 'ಇನ್ನೊಂದು ವಾರ ತಡಿಯವ್ವಾ' ಎಂದು ಬೇಡಿಕೊಳ್ಳುತ್ತಿದ್ದೆ.

ಶಿರಹಟ್ಟಿಗೆ ಹೊರಡುವ ಹಿಂದಿನ ಮಧ್ಯಾಹ್ನ ಮಾವನವರು ಅಂಗಳದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ನಾನು ಕೂಸಿಗೆ ಅನ್ನ ಉಣಿಸುತ್ತ ಹೊಸ್ತಿಲಲ್ಲಿ ಕೂತಿದ್ದೆ. ಓಣಿಯಲ್ಲಿ ತರಕಾರಿ ಗಾಡಿ ಬಂತು, ಗಂಟೆ ಬಾರಿಸಿತು. ಟಿಣ್ ಟಿಣ್.

ಮಾವನವರ ಬಲಗೈ ಎದ್ದಿತು. ತಲೆಯ ಮೇಲೆ, ಗಾಳಿಯಲ್ಲಿ, ಕಾಣದ ಏನನ್ನೋ ಹಿಡಿದು ಎರಡು ಸಲ ಜಗ್ಗಿತು. "ರೈಟ್," ಎಂದು ಗೊಣಗಿದರು. ಬೆನ್ನಿಗೇ ಅವರ ಉಸಿರು ಕಟ್ಟತೊಡಗಿತು. ನನ್ನ ಮಡಿಲಲ್ಲಿದ್ದ ಶ್ರಾವಣಿ ಇದೇನೋ ಹೊಸ ಆಟವೆಂದು ತಾನೂ ಕೈ ಎತ್ತಿ ಎರಡು ಸಲ ಜಗ್ಗಿದಳು.

ನಾನು ಅವರನ್ನು ಅಲುಗಾಡಿಸಿ ಎಬ್ಬಿಸಿ, ಅನ್ನದ ಕೈಯಲ್ಲೇ ಅಡುಗೆಮನೆಗೆ ಓಡಿದೆ.

"ಅತ್ತೀ, ಆಗಿನ ಬಸ್ಸಿನ್ಯಾಗ ಕಂಡಕ್ಟರ್‍ಗೋಳು ಹಿಂಗ ಕೈ ಮ್ಯಾಲ ಮಾಡಿ ಏನ್ ಜಗ್ಗತಿದ್ರು?"

"ಹಗ್ಗ," ಎಂದರು ಅತ್ತೆ, ಬೇಳೆ ಆರಿಸುತ್ತಲೇ. "ಡ್ರೈವರನ ತಲಿ ಮ್ಯಾಲ ಬೆಲ್ ಇರ್ತಿತ್ತು. ಅದಕ್ಕ ಕಟ್ಟಿದ ಹಗ್ಗ ಹಿಂದಿನ ಬಾಗಲತನಾ ಬರ್ತಿತ್ತು. ಜಗ್ಗಿದ್ರ ಅಲ್ಲಿ ಹೊಡೀತಿತ್ತು."

"ಎರಡ್ ಸಲ ಜಗ್ಗಿದ್ರ?"

"ಡಬಲ್ ಬೆಲ್ ಅಂದ್ರ ರೈಟ್. ಹೋಗು ಅಂತ. ಇಷ್ಟೂ ಗೊತ್ತಿಲ್ಲೇನ ನಿನಗ, ಸಾಲಿ ಕಲಸ್ತಿ?"

"ಒಂದ್ ಸಲ ಜಗ್ಗಿದ್ರ?"

ಅತ್ತೆಯ ಕೈ ಬೇಳೆಯ ಮೇಲೆ ನಿಂತಿತು. ಈ ವಯಸ್ಸಿನಲ್ಲಿ ಅವರ ಮುಖಕ್ಕೆ ಹಾಗೆ ಕೆಂಪು ಏರಿದ್ದನ್ನು ನಾನು ಮೊದಲ ಸಲ ನೋಡಿದೆ. "ಒಂದ್ ಬೆಲ್ ಅಂದ್ರ ನಿಂದರು ಅಂತ. ನಮ್ಮ ಹೊಲದ ಹಂತ್ಯಾಕ ಸ್ಟಾಪ್ ಇರಲಿಲ್ಲ. ನಾ ಬುತ್ತಿಗಂಟು ತೊಗೊಂಡು ನಿಂತಿರ್ತಿದ್ದೆ. ನಿಮ್ಮ ಮಾವ ದಿನಾ ಒಂದ್ ಬೆಲ್ ಹೊಡದು ನನ್ನ ಸಲುವಾಗಿ ಬಸ್ ನಿಂದರಸ್ತಿದ್ರು. ಮಂದಿ ಎಲ್ಲಾ ಬೈತಿದ್ರು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಅತ್ತೆಯ ಕೊರಳು ತಬ್ಬಿದೆ. ಅನ್ನವೆಲ್ಲ ಅವರ ಸೀರೆಗೆ ಮೆತ್ತಿತು.

ಮಾವನವರ ಎಚ್ಚರದ ಕಿವಿಗೆ ಆ ಸದ್ದು ದೇವರ ಮನೆಯ ಗಂಟೆ. ಮಲಗಿದ ಕೈಗೆ ಅದು ಡಬಲ್ ಬೆಲ್. ಹರೆಯವೆಲ್ಲ ಕಲಿತ ಪಾಠವನ್ನು ಕೈ ಮರೆಯುತ್ತದೆಯೇ? ಕನಸಿನಲ್ಲಿ ಬಸ್ಸು ದಂಡೆಯ ಮೇಲೆ ನಿಂತು ಒಂದು ಗಳಿಗೆ ಕಾಯುತ್ತಿತ್ತು. ನಾವು, ಓದಿದವರೆಲ್ಲ ಸೇರಿ, ಹೊರಗಿನಿಂದ ರೈಟ್ ರೈಟ್ ಎಂದು ಹೇಳಿ ಅದನ್ನು ನೀರಿಗೆ ಕಳಿಸುತ್ತಿದ್ದೆವು.

ಕಟ್ಟಿಟ್ಟ ಚೀಲದ ಮಾತೂ ಸೇರಿ ಎಲ್ಲವನ್ನೂ ಫೋನಿನಲ್ಲಿ ಹೇಳಿದಾಗ ಡಾಕ್ಟರ್ ಕಿಣಿ ಮೊದಲು ದೊಡ್ಡದಾಗಿ ನಕ್ಕರು. "ಅಯ್ಯೋ ಮಾರಾಯ್ರೆ! ನಮ್ಮ ಊರಿನಲ್ಲಿ ಬಸ್ಸಿಗೆ ಸೀಟಿ ಊದುವುದು. 'ರೈಟ್ ಪೋಯಿ' ಅಂತ ಬಾಗಿಲಿಗೆ ಬಡಿಯುವುದು. ಹಗ್ಗದ ಗಂಟೆಯ ವಿಷಯ ನನಗೆ ಎಲ್ಲಿಂದ ಗೊತ್ತು?" ಆಮೇಲೆ ದನಿ ತಗ್ಗಿಸಿದರು. "ಪಾಪ ಅಜ್ಜರಿಗೆ ಎಷ್ಟು ಹಿಂಸೆ ಕೊಟ್ಟೆ ನಾನು. ಚೀಲ ಬಿಚ್ಚಿಡಿ ದಾಕ್ಷಾಯಣಿ. ಒಂದೇ ಗಂಟೆ ಮಾಡುವ. ಆದರೆ ನನ್ನ ಹತ್ತಿರ ಇರುವ ಗಂಟೆ ಬೇಡ. ಅವರ ಕೈಗೆ ಗುರುತಿರುವ ಗಂಟೆ ಬೇಕು."

ಆ ಗಂಟೆ ಎಲ್ಲಿದೆ ಎಂದು ಅತ್ತೆಗೆ ಗೊತ್ತಿತ್ತು. ಬಸ್ಸನ್ನು ಗುಜರಿಗೆ ಹಾಕಿದಾಗ ಡ್ರೈವರ್ ದಾವಲಸಾಬ ಅದನ್ನು ಬಿಚ್ಚಿಟ್ಟುಕೊಂಡಿದ್ದ. ಆ ದಿನದ ನಂತರ ಅವನೂ ಸ್ಟೇರಿಂಗ್ ಮುಟ್ಟಲಿಲ್ಲ. ಅಪ್ಪ ಅಜ್ಜಂದಿರ ಕಸಬಿಗೇ ಮರಳಿ, ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ. ಅವನೂ ಮಾವನವರೂ ಕೋರ್ಟಿನ ಮೆಟ್ಟಿಲಿಳಿದ ಮೇಲೆ ಒಂದು ಮಾತೂ ಆಡಿರಲಿಲ್ಲ. ಜಗಳವಾಗಿ ಅಲ್ಲ. ಮಾವನವರಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ. ಅತ್ತೆ ತಾವೇ ಫೋನು ಮಾಡಿದರು.

ದಾವಲಸಾಬ ಕಾಕಾ ನೇರ ಹುಬ್ಬಳ್ಳಿಯ ಕೇಂದ್ರಕ್ಕೇ ಬಂದರು. ಬಿಳಿ ಗಡ್ಡ, ತೋಳಿಗೆಲ್ಲ ಹತ್ತಿಯ ಧೂಳು, ಕೈಯಲ್ಲೊಂದು ಬಟ್ಟೆಯ ಚೀಲ. ಬಾಗಿಲಲ್ಲಿ ಅವರನ್ನು ಕಂಡದ್ದೇ ಮಾವನವರು ಬೆಂಚಿನಿಂದ ಎದ್ದು ನಿಂತು ತಲೆ ತಗ್ಗಿಸಿದರು.

"ಲೇ ಹಾದಿಮನಿ, ತಲಿ ಎತ್ತೋ. ಕೋರ್ಟಿನ ಸಮನ್ಸ್ ತಂದಿಲ್ಲ, ಬೆಲ್ ತಂದೀನಿ."

"ನನ್ನ ಬೆಲ್ ಕೇಳಿ ನಿನ್ನ ಸ್ಟೇರಿಂಗ್ ಹೋತಲ್ಲೋ ದಾವಲಸಾಬ."

"ಬೆಲ್ ನೀ ಕೊಟ್ಟ್ಯೋ, ಖರೆ. ಕಾಲು ಯಾರ್ದು? ನೀರು ನನ್ನ ಕಣ್ಣಿಗೂ ಕಂಡಿತ್ತು. ನಾ ಒಲ್ಲೆ ಅನ್ನಬಹುದಿತ್ತು, ಅನ್ನಲಿಲ್ಲ. ಅದು ನನ್ನ ಪಾಲಿಂದು, ಅದನ್ನ ನಾ ಹೊತಗೊಂಡೀನಿ. ನನ್ನ ಪಾಲಿಂದೂ ನೀನ ಹೊತಗೊಂಡು ಕುಂತಿ ಅಂತ ನನಗ ಗೊತ್ತಿರಲಿಲ್ಲೋ." ಕಾಕಾ ಬೆಂಚಿನ ಮೇಲೆ ಕೂತು ಮಾವನವರನ್ನೂ ಕೂರಿಸಿಕೊಂಡರು. "ಗುರುಸಿದ್ದವ್ವಕ್ಕ ಎಲ್ಲಾ ಹೇಳ್ಯಾಳ. ಕನಸಿನ್ಯಾಗ ಡಬಲ್ ಬೆಲ್ ಒಂದ ಬರ್ತೈತೇನು? ಆಮ್ಯಾಲಿನ ಬೆಲ್ ಬರೂದಿಲ್ಲೇನು?"

"ಆಮ್ಯಾಲಿಂದು ಅಂದ್ರ?"

ಕಾಕಾ ಅವರನ್ನೇ ದಿಟ್ಟಿಸಿ ನೋಡಿದರು. "ಬಸ್ ಮಗ್ಗಲಾದ ಮ್ಯಾಲ ಹೊಡದದ್ದು. ನಿನಗ ನೆನಪಿಲ್ಲೇನೋ?"

ಮಾವನವರು ಇಲ್ಲವೆಂದು ತಲೆಯಾಡಿಸಿದರು. ನಾನೂ ಡಾಕ್ಟರೂ ಬೆಂಚಿನ ಹತ್ತಿರ ಸರಿದೆವು.

"ಲೈಟ್ ಹೋಗಿತ್ತು. ಒಳಗ ನೀರು. ಬಾಗಲ ಯಾವ ಕಡೆ, ಕಿಡಕಿ ಯಾವ ಕಡೆ, ಒಬ್ಬರಿಗೂ ತಿಳೀವಲ್ದು. ನಾ ಮುಂದಿನ ಗ್ಲಾಸು ಒದ್ದು ಒಡದಿದ್ದೆ. 'ಈ ಕಡೆ ಬರ್ರಿ' ಅಂತ ಒದರಿದ್ರ ನೀರಿನ ಸಪ್ಪಳದಾಗ ನನ್ನ ದನಿ ನನಗ ಕೇಳವಲ್ದು. ಆದ್ರ ನನ್ನ ತಲಿ ಮ್ಯಾಲ ಬೆಲ್ ಹೊಡೀತಿತ್ತು. ಟಣ್. ತಡದು ಮತ್ತ ಟಣ್. ಒಂದೊಂದ. ಹಿಂದಿನ ಮಂದಿ ಎಲ್ಲಾ ಆ ಸಪ್ಪಳಾ ಹಿಡಕೊಂಡು ಮುಂದ ಬಂದ್ರು. ಬಂದಂಗ ಬಂದಂಗ ನಾ ಜಗ್ಗಿ ಹೊರಗ ಹಾಕಿದೆ. ಹಗ್ಗದ ತುದಿ ಇದ್ದದ್ದು ಹಿಂದಿನ ಬಾಗಲ್ದಾಗ. ಅಲ್ಲಿ ನಿಂತಿದ್ದಂವ ನೀ ಒಬ್ಬಾಂವ."

ಮಾವನವರು ತಮ್ಮ ಬಲಗೈಯನ್ನು ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ಕಡೀಕ ನಿನ್ನ ತರಾಕ ಒಳಗ ಬಂದೆ," ಕಾಕಾ ಮುಂದುವರಿಸಿದರು. "ಹಗ್ಗ ನಿನ್ನ ಮುಂಗೈಗೆ ಸುತ್ತಕೊಂಡು ಬಿಗದಿತ್ತು. ಬಿಚ್ಚಾಕ ಆಗಲಿಲ್ಲ, ಕೊಯ್ದು ತಂದೆ. ಇದು ನಿನಗ ಗೊತ್ತೈತಿ ಅಂತ ತಿಳದಿದ್ದೆ ನಾ. ಕೋರ್ಟಿನ್ಯಾಗ ಯಾರೂ ಕೇಳಲಿಲ್ಲ, ನೀ ಮಾತಾಡೂದ ಬಿಟ್ಟಿ."

"ಮ್ಯಾಲಿಂದ ಹಿಡಕೊಂಡಿದ್ದು..." ಎಂದರು ಮಾವನವರು. ಮಾತು ಮುಗಿಯಲಿಲ್ಲ. ಮುಂಗೈ ಸವರಿಕೊಂಡು ತೀರ ಸಣ್ಣ ದನಿಯಲ್ಲಿ, "ಎರಡೂ ಕೈಲೆ ಹಿಡಿದಿದ್ರ ಆಕಿ ಉಳೀತಿದ್ಲೇನೋ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಛೆ ಛೆ ಎನ್ನುತ್ತಿದ್ದರು. ಕಾಕಾ ಹಾಗೆನ್ನಲಿಲ್ಲ.

"ಉಳೀತಿದ್ಲೇನೋ. ನನಗ ಗೊತ್ತಿಲ್ಲ. ಆದ್ರ ಹಗ್ಗ ಬಿಟ್ಟಿದ್ರ ಹಿಂದಿನವರು ಅಷ್ಟೂ ಮಂದಿ ಉಳೀತಿರಲಿಲ್ಲ. ಅದು ಗೊತ್ತೈತಿ. ನನ್ನ ಕೈಲೆ ಜಗ್ಗೀನಿ ಅವರನ್ನ. ಅದರಾಗ ಒಬ್ಬಾಕಿ ಮೊನ್ನೆ ಮಗಳ ಮದಿವಿಗೆ ಗಾದಿ ಹೊಲಿಸಾಕ ಬಂದಿದ್ಲು. ಅಂಗಡ್ಯಾಗ ಈ ಬೆಲ್ ಕಂಡು ಅದಕ್ಕ ಕೈ ಮುಗದ್ಲು. ಹೊಡದಾವ್ರು ಎಲ್ಲದಾರ, ಆರಾಮ ಅದಾರಿಲ್ಲೋ ಅಂತ ಕೇಳಿದ್ಲು. ಏನಂತ ಹೇಳಲೋ ನಾ?"

ಮಾವನವರು ಅತ್ತರು. ಅಷ್ಟು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದ ಸದ್ದು ಆ ದಿನ ಹೊರಗೆ ಬಂತು. ಕಾಕಾ ಅವರ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು. ಮಾವನವರ ಅಂಗಿಗೆ ಹತ್ತಿಯ ಧೂಳು ಅಂಟಿತು. ನಾನು ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ಡಾಕ್ಟರ್ ಕಿಣಿ ಕನ್ನಡಕ ತೆಗೆದು ಸೆರಗಿನಿಂದ ತಿಕ್ಕುತ್ತಿದ್ದರು.

"ಹೊಸ ಕೊನೆ ಕಟ್ಟುವ ಕೆಲಸವೇ ಇಲ್ಲ," ಎಂದರು ಅವರು ನನಗೆ ಮಾತ್ರ ಕೇಳುವಂತೆ. "ನಿಜವಾದ್ದೇ ಉಂಟಲ್ಲ."

ಅಭ್ಯಾಸ ಮತ್ತೆ ಶುರುವಾಯಿತು. ಈ ಸಲ ಮಾವನವರು ಬಸ್ಸಿನಿಂದ ಇಳಿದು ದಂಡೆಗೆ ಓಡಬೇಕಿರಲಿಲ್ಲ. ಓಡುವುದು ಅವರ ಜಾಯಮಾನವೇ ಅಲ್ಲ. ಕಂಡಕ್ಟರು ಎಂದಾದರೂ ಮಂದಿಯನ್ನು ಬಿಟ್ಟು ಮೊದಲು ಇಳಿಯುತ್ತಾನೆಯೇ? ಹಿಂದಿನ ಬಾಗಿಲಲ್ಲಿ ನಿಂತು ಒಂದು ಬೆಲ್ ಹೊಡೆಯಬೇಕು, ಎಲ್ಲರೂ ಇಳಿಯುವವರೆಗೆ ಹೊಡೆಯುತ್ತಿರಬೇಕು. ಕಾಕಾ ತಂದ ಹಿತ್ತಾಳೆಯ ಗಂಟೆಯ ಸದ್ದನ್ನೇ ಟೊಪ್ಪಿಗೆಗೆ ಕೊಟ್ಟರು. ಅದರ ಅಂಚಿನಲ್ಲೊಂದು ಸೀಳಿತ್ತು, ಸದ್ದು ಸ್ವಲ್ಪ ಒಡಕು. ಅದನ್ನು ಕೇಳಿದ ಕೂಡಲೇ ಮಾವನವರು, "ಹಾಂ, ನಮ್ಮ ಬಸ್ಸು," ಎಂದರು.

ಮತ್ತೊಂದು ಬೆಳಿಗ್ಗೆ, ಅದೇ ಗಾಜು, ಅದೇ ಪರದೆ. ಈ ಸಲ ನನ್ನ ಪಕ್ಕದಲ್ಲಿ ಕಾಕಾ ಕೂಡ ಕೂತಿದ್ದರು, ಸ್ಟೇರಿಂಗ್ ಮುಂದೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು. ಹಸಿರು ಗೆರೆ ಅಲುಗಿತು, ಏರಿತು. ಟೊಪ್ಪಿಗೆ ಒಂದೇ ಸಲ ಹೊಡೆಯಿತು. ಟಣ್.

ಗೆರೆ ನಡುಗುತ್ತ ನಿಂತಿತು. ಗಾಜಿನಾಚೆ ಬಲಗೈ ಎದ್ದಿತು, ಒಂದೇ ಸಲ ಜಗ್ಗಿತು. ಟೊಪ್ಪಿಗೆ ಮತ್ತೆ ಹೊಡೆಯಿತು, ಕೈ ಮತ್ತೆ ಜಗ್ಗಿತು. ಹೀಗೆ ಎಷ್ಟು ಹೊತ್ತು ನಡೆಯಿತೋ, ನಾನು ಎಣಿಸಲಿಲ್ಲ. ಆಮೇಲೆ ಗೆರೆ ಇಳಿಯತೊಡಗಿತು. ಮೇಲಿದ್ದ ಕೈ ಮೆಲ್ಲಗೆ ಕೆಳಗೆ ಬಂದು ಎದೆಯ ಮೇಲೆ ಮಲಗಿತು. ಆ ಕೈ ತಾನಾಗಿ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಎದ್ದು ಕೂತರು. ನೀರು ಕುಡಿದು ತಾವೇ ಹೇಳಿದರು.

"ಬಸ್ಸು ದಂಡಿ ಮ್ಯಾಲ ನಿಂತ್ತು. ದಾವಲಸಾಬ ಕನ್ನಡ್ಯಾಗ ನೋಡಿದ. ನಾ ಒಂದ್ ಬೆಲ್ ಹೊಡದೆ. ಮಂದಿ ಬೈದ್ರು, ಆದ್ರೂ ಇಳದ್ರು. ಆಕಿ ಕಡೀಕ ಬಂದ್ಲು, ಬೆನ್ನಿಗೆ ಪಾಟೀಚೀಲ. ಕೈ ನನ್ನ ಕೈಯಾಗ ಇತ್ತು. ನಾ ಬಿಟ್ಟೆ. ಜಾರಲಿಲ್ಲ ದಾಕ್ಷಾ, ನಾನ ಬಿಟ್ಟೆ. ಇಳದು ನಡಕೋತ ಹೋದ್ಲು." ಸ್ವಲ್ಪ ತಡೆದು, "ಮೊದಲ ಬರೇ ಕೈ ಕಾಣತಿತ್ತು. ಇವತ್ತ ಆಕಿ ಮುಖಾ ಕಂಡ್ತು," ಎಂದರು.

ಟೊಪ್ಪಿಗೆಯನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಡಾಕ್ಟರಿಗೆ ಕೈ ಮುಗಿದರು. ಕಾಕಾಗೆ ಮುಗಿಯಲು ಹೋದರೆ ಅವರು, "ಸಾಕ್ ಸಾಕ್, ಹೊಟ್ಟಿ ಹಸದೈತಿ, ನಡಿ," ಎಂದು ಹೊರಗೆ ಎಳೆದುಕೊಂಡು ಹೋದರು. ಇಬ್ಬರೂ ಮುದುಕರು ಇಡ್ಲಿ ಅಂಗಡಿಯಲ್ಲಿ ಕೂತು ಸತ್ತುಹೋದ ಕಂಪನಿಯ ಮಾಲೀಕನನ್ನು ಮನಸಾರೆ ಬೈದರು. ಅಷ್ಟು ಸವಿಯಾದ ಬೈಗುಳವನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಹಳ್ಳ ಬತ್ತಿಹೋಯಿತು ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಕನಸು ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದರೆ ಮಾವನವರು ನಿದ್ದೆಯಲ್ಲೇ ಕೈ ಎತ್ತಿ ಒಂದು ಬೆಲ್ ಹೊಡೆಯುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಗೊರಕೆ ಹೊಡೆಯುತ್ತಾರೆ. ಟೊಪ್ಪಿಗೆಯನ್ನು ಕೇಂದ್ರಕ್ಕೆ ಮರಳಿಸಿ ಆಯಿತು. ಈಗ ರಾತ್ರಿ ಎಲ್ಲರಂತೆ ಮಲಗುತ್ತಾರೆ, ಅತ್ತೆಗೆ ಮಾತ್ರ ಗೊರಕೆಯದೇ ದೂರು. ದೂರು ಹೇಳುವಾಗ ಅವರ ಮುಖ ನೋಡಬೇಕು, ಹಬ್ಬದ ಮುಖ.

ಗಂಟೆಯನ್ನು ಕಾಕಾ ನಮಗೇ ಕೊಟ್ಟರು. ಫಕೀರೇಶ ಅದನ್ನು ಪಡಸಾಲೆಯ ತೊಲೆಗೆ ಬಿಗಿದು, ಬಾಗಿಲತನಕ ಹಗ್ಗ ಎಳೆದ. ಮಾವನವರು ಕೆಳಗೆ ನಿಂತು ಹಾಗಲ್ಲ ಹೀಗೆ ಎಂದು ಅವನ ತಲೆ ತಿಂದರು.

ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಅತ್ತೆ ತುಳಸಿಕಟ್ಟೆಯ ಹತ್ತಿರ, ಗಾದಿ ಕೊಡುವ ನೆಪ ಮಾಡಿಕೊಂಡು ಬಂದಿದ್ದ ಕಾಕಾ ಅತ್ತೆಯ ಪಕ್ಕದಲ್ಲಿ. ನಡುವೆ ಶ್ರಾವಣಿ, ಗೋಡೆ ಬಿಟ್ಟು ತೂರಾಡುತ್ತ ನಿಂತಿದ್ದಳು. ಯಥಾಪ್ರಕಾರ ನಮ್ಮೆಲ್ಲರನ್ನೂ ಬಿಟ್ಟು ಅಜ್ಜನ ಕಡೆಗೆ ಕೈ ಚಾಚಿದಳು.

ಮಾವನವರ ಕೈಗಳು ಅಭ್ಯಾಸದಂತೆ ಬೆನ್ನ ಹಿಂದೆ ಹೋದವು. ಅವರು ಆ ಕೈಗಳನ್ನು ಮೆಲ್ಲಗೆ ಮುಂದಕ್ಕೆ ತಂದರು, ಬಾಗಿದರು. ಎಡಗೈಯಲ್ಲಿ ಒಂದು ಪುಟ್ಟ ಕೈ ಹಿಡಿದರು, ಬಲಗೈಯಲ್ಲಿ ಇನ್ನೊಂದು. ಕೂಸು ಕುಣಿಯತೊಡಗಿತು. ನಡೆಯಲು ಅವಸರ ಅದಕ್ಕೆ. ಮಾವನವರು ಮಾತ್ರ ಹೊರಡಲಿಲ್ಲ. ಒಮ್ಮೆ ಅಂಗಳದ ಉದ್ದಕ್ಕೂ ಕಣ್ಣು ಹಾಯಿಸಿದರು, ಎಲ್ಲಿಯೂ ನೀರಿಲ್ಲ, ಕಲ್ಲಿಲ್ಲ. ಆಮೇಲೆ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ದಾಕ್ಷಾ, ಡಬಲ್ ಬೆಲ್ ಕೊಡವ್ವಾ. ನನ್ನ ಎರಡೂ ಕೈ ಖಾಲಿ ಇಲ್ಲ."

ನಾನು ಹಗ್ಗ ಹಿಡಿದು ಎರಡು ಸಲ ಜಗ್ಗಿದೆ.